ರಾಗಕ್ಕೆ ಮತ ಉಂಟೇ? ಕರ್ನಾಟಕ ಸಂಗೀತ ಮತ್ತು ಯೇಸು ಕೀರ್ತನೆಯ ಜಗಳ

2018ರ ಆಗಸ್ಟ್‌ನಲ್ಲಿ ಚೆನ್ನೈನ ಸಂಗೀತ ವಲಯದಲ್ಲಿ ಎದ್ದ ಬಿರುಗಾಳಿ ಇನ್ನೂ ತಣ್ಣಗಾಗಿಲ್ಲ. ಗಾಯಕ ಒ.ಎಸ್. ಅರುಣ್ ಆ ತಿಂಗಳ 25ರಂದು ಯೇಸುವಿನ ಮೇಲಿನ ಹಾಡುಗಳ ಕಛೇರಿ ನಡೆಸುವವರಿದ್ದರು. ಅದರ ಜಾಹೀರಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬೈಗುಳ, ಬೆದರಿಕೆಗಳು ಶುರುವಾದವು. ವೈಯಕ್ತಿಕ ಕಾರಣ ಹೇಳಿ ಅವರು ಕಛೇರಿ ಕೈಬಿಟ್ಟರು. ಹಿಂದೆ ಕ್ರೈಸ್ತ ಗೀತೆ ಹಾಡಿದ್ದ ನಿತ್ಯಶ್ರೀ ಮಹಾದೇವನ್, ಅರುಣಾ ಸಾಯಿರಾಂ ಅವರ ಹೆಸರುಗಳನ್ನೂ ಜಗಳಕ್ಕೆ ಎಳೆಯಲಾಯಿತು. ಇದಕ್ಕೆ ಉತ್ತರವಾಗಿ ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ, ಇನ್ನು ಮುಂದೆ ತಿಂಗಳಿಗೊಂದರಂತೆ ಯೇಸು ಅಥವಾ ಅಲ್ಲಾಹನ ಮೇಲಿನ ಕರ್ನಾಟಕ ಸಂಗೀತದ ಹಾಡನ್ನು ಬಿಡುಗಡೆ ಮಾಡುವುದಾಗಿ ಘೋಷಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯಲ್ಲಿ ಅವರು ಹಾಡಬೇಕಿದ್ದ ಕಾರ್ಯಕ್ರಮದಿಂದ ಪ್ರಾಯೋಜಕ ಸಂಸ್ಥೆ ಹಿಂದೆ ಸರಿಯಿತು. ಕೊನೆಗೆ ದೆಹಲಿ ಸರ್ಕಾರ ವೇದಿಕೆ ಒದಗಿಸಿತು.

2024ರ ಮಾರ್ಚ್‌ನಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಕೃಷ್ಣ ಅವರನ್ನು ಸಂಗೀತ ಕಲಾನಿಧಿ ಗೌರವಕ್ಕೆ ಆರಿಸಿದಾಗ ಹಳೆಯ ಮಾತುಗಳೆಲ್ಲ ಮತ್ತೆ ಮೇಲೆದ್ದವು. ಆ ಸಲದ ಮುಖ್ಯ ತಕರಾರು ದ್ರಾವಿಡ ಚಳವಳಿಯ ನಾಯಕ ಪೆರಿಯಾರ್ ಕುರಿತ ಅವರ ನಿಲುವಿನ ಬಗ್ಗೆ ಇತ್ತು. ಆದರೆ ಓದುಗರ ಮನಸ್ಸಿನಲ್ಲಿ ಎರಡೂ ಜಗಳಗಳು ಕಲಸಿಹೋಗಿವೆ. ಡಿಸೆಂಬರ್ ಬಂತೆಂದರೆ ಯಾವುದೋ ಯೇಸು ಕೀರ್ತನೆಯ ತುಣುಕು ವಾಟ್ಸಾಪ್‌ನಲ್ಲಿ ಬರುತ್ತದೆ, “ನಮ್ಮ ತ್ಯಾಗರಾಜರನ್ನು ಕದ್ದರು” ಎಂಬ ಒಕ್ಕಣೆಯೂ ಅದರ ಜೊತೆಗಿರುತ್ತದೆ. ಕದ್ದದ್ದು ಏನು? ಕದಿಯಲು ಬರುವಂಥದ್ದು ಏನು? ಇದಕ್ಕೆ ಉತ್ತರ ಬೇಕಾದರೆ ಸಂಗೀತದ ಶಾಸ್ತ್ರವನ್ನೂ ಸಮಾಜದ ಭಯವನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಒಂದು ದೂರಿನೊಳಗೆ ಮೂರು ದೂರು

ವಿರೋಧಿಸುವವರ ಮಾತನ್ನು ತಾಳ್ಮೆಯಿಂದ ಕೇಳಿದರೆ ಅದರಲ್ಲಿ ಮೂರು ಬೇರೆ ಬೇರೆ ಆಕ್ಷೇಪಗಳು ಕಾಣುತ್ತವೆ.

ಮೊದಲನೆಯದು, ಕರ್ನಾಟಕ ಸಂಗೀತವೇ ಹಿಂದೂ ಭಕ್ತಿಯಿಂದ ಹುಟ್ಟಿದ್ದು, ಹಾಗಾಗಿ ಅದರ ರಾಗಗಳಲ್ಲಿ ಬೇರೆ ದೈವವನ್ನು ಹಾಡುವುದು ಸಲ್ಲದು ಎಂಬುದು. ಎರಡನೆಯದು, ಇಂಥದ್ದೇ ಒಂದು ಕೃತಿಯನ್ನು ತೆಗೆದುಕೊಂಡು ರಾಮನ ಹೆಸರಿದ್ದಲ್ಲಿ ಯೇಸುವಿನ ಹೆಸರು ಕೂರಿಸುವುದು ವಾಗ್ಗೇಯಕಾರನಿಗೆ, ಅಂದರೆ ಹಾಡಿನ ಮಾತನ್ನೂ ಧಾಟಿಯನ್ನೂ ಕಟ್ಟಿದವನಿಗೆ, ಮಾಡಿದ ಅನ್ಯಾಯ ಎಂಬುದು. ಮೂರನೆಯದು, ಇದೆಲ್ಲ ಮತಾಂತರದ ಉಪಾಯ, ಪರಿಚಿತ ಧಾಟಿಯನ್ನು ತೋರಿಸಿ ಜನರನ್ನು ಒಳಗೆಳೆಯುವ ತಂತ್ರ ಎಂಬುದು.

ಮೊದಲನೆಯದು ಸಂಗೀತಶಾಸ್ತ್ರಕ್ಕೆ, ಎರಡನೆಯದು ಕರ್ತೃತ್ವದ ನೈತಿಕತೆಗೆ, ಮೂರನೆಯದು ಕ್ರೈಸ್ತರ ಬಗ್ಗೆ ಸಮಾಜಕ್ಕಿರುವ ಭಾವನೆಗೆ ಸೇರಿದ್ದು. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಟಿವಿ ಚರ್ಚೆಗಳು ದಾರಿ ತಪ್ಪುವುದು ಇಲ್ಲಿಯೇ. ಒಬ್ಬರು ರಾಗದ ಬಗ್ಗೆ ಕೇಳಿದರೆ ಇನ್ನೊಬ್ಬರು ಮತಾಂತರದ ಬಗ್ಗೆ ಉತ್ತರಿಸುತ್ತಾರೆ.

ರಾಗ ಬೇರೆ, ಮಟ್ಟು ಬೇರೆ, ಸಾಹಿತ್ಯ ಬೇರೆ, ಅಂಕಿತ ಬೇರೆ

ಒಂದು ಕೃತಿಯಲ್ಲಿ ಪದರಗಳಿವೆ. ತಳದಲ್ಲಿರುವುದು ರಾಗ: ಆರೋಹಣ, ಅವರೋಹಣ, ಗಮಕ (ಸ್ವರದ ಓಲಾಟ), ನ್ಯಾಸ ಸ್ವರ (ಸಾಲು ಬಂದು ನಿಲ್ಲುವ ಸ್ವರ), ರಾಗಕ್ಕೇ ಮೀಸಲಾದ ಪ್ರಯೋಗಗಳು. ಅದರ ಮೇಲೆ ವರ್ಣಮೆಟ್ಟು ಅಥವಾ ಮಟ್ಟು, ಅಂದರೆ ಆ ಕೃತಿಗೇ ವಿಶಿಷ್ಟವಾದ ಧಾಟಿ: ತಾಳದಲ್ಲಿ ಎಲ್ಲಿ ಎತ್ತಿಕೊಳ್ಳುತ್ತದೆ, ಪಲ್ಲವಿಯ ಮೊದಲ ಸಾಲು ಹೇಗೆ ಏರಿಳಿಯುತ್ತದೆ, ಸಂಗತಿಗಳು ಹೇಗೆ ಬೆಳೆಯುತ್ತವೆ. ಅದರ ಮೇಲೆ ಪ್ರಾಸ, ಯತಿಗಳ ಸಹಿತ ಸಾಹಿತ್ಯ. ಕೊನೆಗೆ ಅಂಕಿತ, ವಾಗ್ಗೇಯಕಾರನ ಸಹಿ.

ರಾಗದ ಪದರದಲ್ಲಿ ಪದವೇ ಇಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಮಾಯಾಮಾಳವಗೌಳದ ಸರಳೆ ವರಸೆಯಲ್ಲಿ ಏಳು ಸ್ವರಗಳು ಬಿಟ್ಟರೆ ಬೇರೇನಿಲ್ಲ. ದೇವರ ಹೆಸರು ಬರುವುದು ಮುಂದೆ, ಮಲಹರಿಯ “ಲಂಬೋದರ ಲಕುಮಿಕರ” ಗೀತೆಗೆ ಬಂದಾಗ. ಮೋಹನ ರಾಗವನ್ನು ಒಂದು ಮತದ ಸೊತ್ತು ಎನ್ನುವುದು ಕನ್ನಡದ ವಿಭಕ್ತಿ ಪ್ರತ್ಯಯಗಳು ಒಂದು ಮತದವು ಎಂದಂತೆ. ಉತ್ತರಾದಿಯಲ್ಲಿ, ಅಂದರೆ ಹಿಂದೂಸ್ತಾನಿ ಸಂಗೀತದಲ್ಲಿ, ಇದು ಪ್ರಶ್ನೆಯಾಗಿ ಉಳಿದೇ ಇಲ್ಲ. ಧ್ರುಪದದಲ್ಲಿ ಶಿವನನ್ನೂ ಕೃಷ್ಣನನ್ನೂ ತಲೆಮಾರುಗಳ ಕಾಲ ಹಾಡಿಕೊಂಡು ಬಂದದ್ದು ಮುಸ್ಲಿಮರಾದ ಡಾಗರ್ ಮನೆತನ. ನಮ್ಮಲ್ಲಿ ಶಿಶುನಾಳ ಷರೀಫರ ತತ್ವಪದಕ್ಕೆ ಜಾತಿ ಕೇಳುವವರಿಲ್ಲ.

ಮೊದಲ ಆಕ್ಷೇಪ ಶಾಸ್ತ್ರದ ಎದುರು ನಿಲ್ಲುವುದಿಲ್ಲ. ಅದರ ಹಿಂದಿರುವ ಭಾವನೆ ಮಾತ್ರ ಸುಳ್ಳಲ್ಲ. ತ್ಯಾಗರಾಜರಿಗೆ ನಾದವೇ ಉಪಾಸನೆಯಾಗಿತ್ತು. ಅವರ ಕೃತಿಯನ್ನು ಪೂಜೆಯಂತೆ ಹಾಡುವವರಿಗೆ ರಾಗವನ್ನೂ ರಾಮನನ್ನೂ ಬೇರೆ ಮಾಡಿ ಎಂದರೆ ನೋವಾಗುತ್ತದೆ. ಆ ನೋವು ತ್ಯಾಗರಾಜರ ಕೃತಿಗೆ ಸಂಬಂಧಿಸಿದ್ದು. ಮೇಳಕರ್ತ ರಾಗಗಳಲ್ಲಿ ಇಪ್ಪತ್ತೆರಡನೆಯದಾದ ಖರಹರಪ್ರಿಯಕ್ಕೆ ಅದು ಅಂಟುವುದಿಲ್ಲ.

ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದನ್ನು ಅಳೆದು ಹೇಳಬೇಕು. ಧಾಟಿಯನ್ನು ಎರವಲು ಪಡೆಯುವುದು ನಮ್ಮ ಪರಂಪರೆಯಲ್ಲಿ ದೋಷವಲ್ಲ. ಯಕ್ಷಗಾನದ ಪ್ರಸಂಗಗಳಲ್ಲಿ, ಭಜನೆ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಮಟ್ಟಿನಲ್ಲಿ ಹಾಡುವುದು ಎಂದು ಬರೆದಿರುತ್ತಾರೆ. ಮಟ್ಟು ಸಾಲ ತಂದದ್ದೆಂದು ಎಲ್ಲರಿಗೂ ಗೊತ್ತು, ಹೇಳಿಯೇ ತಂದದ್ದು. ಕೃತಿಯ ಪದಕ್ಕೆ ಪದ ಉಳಿಸಿಕೊಂಡು ದೇವರ ಹೆಸರನ್ನೂ ಅಂಕಿತವನ್ನೂ ಮಾತ್ರ ಕಿತ್ತು, ಹೊಸದೆಂಬಂತೆ ಹಾಡಿದರೆ ಅದು ಬೇರೆ ಮಾತು. ಅಲ್ಲಿ ಅಳಿಸಿದ್ದು ಬರೆದವನ ಸಹಿಯನ್ನು. ಯಾವ ಮತದವರು ಮಾಡಿದರೂ ತಪ್ಪು ತಪ್ಪೇ.

ತಂಜಾವೂರು: ಯಾರು ಯಾರಿಂದ ಪಡೆದರು

ಕ್ರೈಸ್ತರು ಇತ್ತೀಚೆಗೆ ಬಂದು ಕರ್ನಾಟಕ ಸಂಗೀತವನ್ನು ಎತ್ತಿಕೊಂಡರು ಎಂಬ ಚಿತ್ರಕ್ಕೆ ಇತಿಹಾಸದ ಆಧಾರವಿಲ್ಲ. ಕರ್ನಾಟಕ ಸಂಗೀತ ಇಂದಿನ ರೂಪ ತಳೆದ ಊರು, ಕಾಲಗಳಲ್ಲೇ ಅವರೂ ಇದ್ದರು.

ಜರ್ಮನ್ ಮಿಷನರಿ ಷ್ವಾರ್ಟ್ಸ್ ತಂಜಾವೂರಿನಲ್ಲಿ ಇಬ್ಬರು ಹುಡುಗರಿಗೆ ಪಾಠ ಹೇಳಿದರು. ಒಬ್ಬ ಮುಂದೆ ಎರಡನೆಯ ಸರ್ಫೋಜಿ ಮಹಾರಾಜನಾದ, ಸರಸ್ವತಿ ಮಹಲ್ ಗ್ರಂಥಾಲಯವನ್ನು ಬೆಳೆಸಿದ, ಕೊನೆಯವರೆಗೂ ಹಿಂದೂವಾಗಿಯೇ ಉಳಿದ. ಇನ್ನೊಬ್ಬ ವೇದನಾಯಗಂ ಶಾಸ್ತ್ರಿಯಾರ್ (1774–1864), ಕುರವಂಜಿ ಎಂಬ ಹಳೆಯ ತಮಿಳು ನೃತ್ಯನಾಟಕದ ರೂಪದಲ್ಲಿ “ಬೆತ್ಲಹೇಮ್ ಕುರವಂಜಿ” ಬರೆದ ಕ್ರೈಸ್ತ ಕವಿ. ತ್ಯಾಗರಾಜರ ಕಾಲದಲ್ಲೇ, ಅದೇ ಸೀಮೆಯಲ್ಲಿ ಶಾಸ್ತ್ರಿಯಾರ್ ಕೂಡ ರಾಗತಾಳಗಳಲ್ಲಿ ಹಾಡು ಕಟ್ಟುತ್ತಿದ್ದರು.

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆಯಿತು. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ಸುಮಾರು ನಲವತ್ತು ನೊಟ್ಟುಸ್ವರಗಳನ್ನು ರಚಿಸಿದರು. “ಸಂತತಂ ಪಾಹಿ ಮಾಂ” ಎಂಬುದು ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿ. ಮೂಲದ ಮೊದಲ ಸಾಲಿನಲ್ಲಿ ಆರು ಉಚ್ಚಾರಗಳು, ದೀಕ್ಷಿತರ ಸಾಲಿನಲ್ಲೂ ಆರೇ ಅಕ್ಷರಗಳು. ಸ್ವರಗಳು ಸ ಸ ರಿ, ನಿ ಸ ರಿ. ಕೆಳಗಿನ ನಿಷಾದ ಒಂದೂವರೆ ಎಣಿಕೆಯಷ್ಟು ನಿಲ್ಲುವ ಜಾಗದಲ್ಲಿ ಸರಿಯಾಗಿ “ಪಾ” ಎಂಬ ದೀರ್ಘ, ಚುಟುಕು ಸ್ವರ ಬರುವಲ್ಲಿ “ಹಿ” ಎಂಬ ಹ್ರಸ್ವ. ಪರರ ಧಾಟಿಗೆ ತಮ್ಮ ಭಾಷೆಯನ್ನು ಕೂರಿಸುವಾಗ ಎಷ್ಟು ಸೂಕ್ಷ್ಮವಾಗಿ ತೂಗಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದರು. ಇಂದು ಪಿಟೀಲಿಲ್ಲದ ಕಛೇರಿ ಊಹಿಸುವುದೇ ಕಷ್ಟ.

ಆಮೇಲಿನ ಎರಡು ಹೆಸರುಗಳು ಇನ್ನಷ್ಟು ಮುಖ್ಯ. ಮದ್ರಾಸಿನ ಎ.ಎಂ. ಚಿನ್ನಸ್ವಾಮಿ ಮುದಲಿಯಾರ್ ಕ್ಯಾಥೊಲಿಕ್ ಕ್ರೈಸ್ತರು. 1890ರ ದಶಕದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿದವರು. ದೀಕ್ಷಿತ ಪರಂಪರೆಯ ರಚನೆಗಳನ್ನು ಬರೆದಿಡುವಂತೆ ಸುಬ್ಬರಾಮ ದೀಕ್ಷಿತರನ್ನು ಒತ್ತಾಯಿಸಿದವರಲ್ಲಿ ಅವರು ಪ್ರಮುಖರು. ಅದರ ಫಲವೇ 1904ರಲ್ಲಿ ಎಟ್ಟಯಾಪುರದಲ್ಲಿ ಅಚ್ಚಾದ “ಸಂಗೀತ ಸಂಪ್ರದಾಯ ಪ್ರದರ್ಶಿನಿ”. ಅದು ಇಲ್ಲದಿದ್ದರೆ ದೀಕ್ಷಿತರ ಎಷ್ಟು ಕೃತಿಗಳ ಮೂಲಪಾಠ ನಮಗೆ ಸಿಗುತ್ತಿತ್ತು? ಇನ್ನೊಬ್ಬರು ತಂಜಾವೂರಿನ ಸಿದ್ಧವೈದ್ಯ ಅಬ್ರಹಾಂ ಪಂಡಿತರ್ (1859–1919). 1912ರಿಂದ ಸ್ವಂತ ಖರ್ಚಿನಲ್ಲಿ ಸಂಗೀತ ಸಮ್ಮೇಳನಗಳನ್ನು ನಡೆಸಿ, 1916ರ ಬರೋಡಾ ಸಮ್ಮೇಳನದಲ್ಲಿ ತಮ್ಮ ವಾದ ಮಂಡಿಸಿ, ಒಂದು ಸ್ಥಾಯಿಗೆ 22 ಶ್ರುತಿಗಳೆಂಬ ಲೆಕ್ಕವನ್ನೇ ಪ್ರಶ್ನಿಸಿದ “ಕರುಣಾಮೃತ ಸಾಗರಂ” ಗ್ರಂಥವನ್ನು 1917ರಲ್ಲಿ ಹೊರತಂದರು.

ಮೃದಂಗವನ್ನೇ ನೋಡಿ. ಹಲಸಿನ ಕಟ್ಟಿಗೆಯ ಹೊಳವಿಗೆ ಹಸು, ಎಮ್ಮೆ, ಆಡಿನ ಚರ್ಮ ಹದ ಮಾಡಿ ಬಿಗಿದು, ಕರಣೆ ಎಂಬ ಕಪ್ಪು ಲೇಪ ಹಾಕಿ, ಪಾಲ್ಘಾಟ್ ಮಣಿ ಅಯ್ಯರ್ ಅವರಂಥವರ ಕೈಗೆ ಕೊಟ್ಟವರಲ್ಲಿ ತಂಜಾವೂರು ಮೂಲದ ದಲಿತ ಕ್ರೈಸ್ತ ಕುಟುಂಬಗಳು ಮುಂಚೂಣಿಯಲ್ಲಿವೆ. ರಾಮನ ಕೃತಿಗೆ ಲಯ ಕೊಡುವ ವಾದ್ಯ ಕ್ರೈಸ್ತನ ಕೈಯಲ್ಲಿ ಸಿದ್ಧವಾಗಬಹುದಾದರೆ ಕ್ರಿಸ್ತನ ಹಾಡಿಗೆ ಅದು ನುಡಿದಾಗ ಏನು ಕೆಡುತ್ತದೆ?

ಮಂಗಳೂರು: ಅನುಮಾನ ಎಲ್ಲಿಂದ ಬಂತು

ಮೂರನೆಯ ಆಕ್ಷೇಪಕ್ಕೆ, ಅಂದರೆ ಮತಾಂತರದ ಭಯಕ್ಕೆ, ಬೇರುಗಳೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ “ಮಂಗಳೂರ ಸಮಾಚಾರ” ಆರಂಭಿಸಿದರು, 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರು. ಹರಿದಾಸರ ಹಾಡುಗಳು ತಾಳೆಗರಿ, ಬಾಯಿಪಾಠಗಳಿಂದ ಮುದ್ರಿತ ಪುಸ್ತಕಕ್ಕೆ ಬಂದದ್ದು ಹೀಗೆ. 1862ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಷಟ್ಪದಿಯಲ್ಲಿ ಬರೆದ “ಕಥಾಮಾಲೆ” ಹೊರತಂದರು. ಇವರ ವಿದ್ವತ್ತು ನಿಜ, ಕನ್ನಡದ ಮೇಲಿನ ಪ್ರೀತಿಯೂ ನಿಜ. ಅವರು ಬಂದ ಉದ್ದೇಶ ಮತಪ್ರಚಾರವಾಗಿತ್ತು ಎಂಬುದೂ ಅಷ್ಟೇ ನಿಜ, ಅದನ್ನು ಅವರು ಮುಚ್ಚಿಟ್ಟಿರಲಿಲ್ಲ. ಜನರ ಛಂದಸ್ಸು, ಜನರ ಧಾಟಿಗಳನ್ನು ಕಲಿತದ್ದು ಜನರನ್ನು ತಲುಪಲೆಂದೇ.

ಆ ನೆನಪೇ ಇಂದಿನ ಅನುಮಾನವಾಗಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಎರಡು ಶತಮಾನಗಳ ಮಿಷನ್ ಕೆಲಸದ ನಂತರದ ಸಂಖ್ಯೆ ಇದು. ಆದರೂ 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲೂ ಸುತ್ತಲೂ ಚರ್ಚುಗಳ ಮೇಲೆ ದಾಳಿ ನಡೆದಾಗ ಕೊಟ್ಟ ಕಾರಣ ಮತಾಂತರವೇ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂತು. ಸರ್ಕಾರ ಬದಲಾದ ಮೇಲೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಬಿಸಿ ಹೀಗಿರುವಾಗ ಕ್ರೈಸ್ತರ ಕೈಯಲ್ಲಿ ಕಂಡದ್ದೆಲ್ಲ ಉಪಾಯವಾಗಿ ಕಾಣುತ್ತದೆ: ಶಾಲೆ ಕಟ್ಟಿದರೂ, ಆಸ್ಪತ್ರೆ ನಡೆಸಿದರೂ, ಹಾಡಿದರೂ.

ಹಾಡು ಕೇಳಿ ಯಾರಾದರೂ ಮತ ಬದಲಿಸುತ್ತಾರೆಯೇ? ಕಾಂಭೋಜಿಯ ವಿಳಂಬ ಕೀರ್ತನೆ ಕೇಳಲು ಕೂರುವವರು ಚೆನ್ನೈ, ಬೆಂಗಳೂರುಗಳ ಸಭಾಗಳ ರಸಿಕರು, ಹೆಚ್ಚಿನವರು ತಮ್ಮ ಮತದಲ್ಲಿ ಗಟ್ಟಿಯಾಗಿ ನೆಲೆಯೂರಿದವರು. ಮತಪ್ರಚಾರವನ್ನೇ ಗುರಿಯಾಗಿಟ್ಟುಕೊಂಡ ಇಂದಿನ ಗುಂಪುಗಳು ಹಿಡಿದಿರುವುದು ಕೀಬೋರ್ಡ್, ಗಿಟಾರ್, ಡ್ರಮ್ಸ್‌ಗಳನ್ನು. ಭಯಪಡುವವರು ಬೊಟ್ಟು ಮಾಡುತ್ತಿರುವ ದಿಕ್ಕೇ ತಪ್ಪು.

ವಿರೋಧಿಗಳು ಕೇಳುವ ಇನ್ನೊಂದು ಪ್ರಶ್ನೆಯನ್ನು ತಳ್ಳಿಹಾಕಬಾರದು: ಚರ್ಚಿನೊಳಗೆ ರಾಮನ ಕೃತಿ ಹಾಡಲು ಬಿಡುತ್ತಾರೆಯೇ? ಪೂಜೆಯ ಹೊತ್ತಿನಲ್ಲಿ ಬಿಡುವುದಿಲ್ಲ. ದೇವಸ್ಥಾನದ ಪೂಜೆಯಲ್ಲೂ ಯೇಸು ಕೀರ್ತನೆಗೆ ಜಾಗವಿಲ್ಲ, ಇರಬೇಕೆಂದು ಯಾರೂ ಕೇಳಿಲ್ಲ. ಜಗಳವಿರುವುದು ಸಾರ್ವಜನಿಕ ಸಭಾಂಗಣದ ಬಗ್ಗೆ. ಅಲ್ಲಿನ ಲೆಕ್ಕ ನೋಡಿದರೆ ಹಿಂದೂ ಕೃತಿ ಹಾಡುವ ಕ್ರೈಸ್ತರಿಗೆ ಮನ್ನಣೆ ಸಿಕ್ಕಿದೆ, ಕ್ರೈಸ್ತ ಗೀತೆ ಹಾಡಿದ ಹಿಂದೂಗಳಿಗೆ ಬೆದರಿಕೆ ಬಂದಿದೆ. ಚೆಂಬೈ ವೈದ್ಯನಾಥ ಭಾಗವತರ ಶಿಷ್ಯ ಕೆ.ಜೆ. ಯೇಸುದಾಸ್ ದಶಕಗಳ ಕಾಲ ಜನವರಿ 10ರ ತಮ್ಮ ಹುಟ್ಟುಹಬ್ಬಕ್ಕೆ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಬಂದು ಹಾಡಿದ್ದು ಕರ್ನಾಟಕಕ್ಕೆ ಹೆಮ್ಮೆಯ ಸಂಗತಿ. ಅದೇ ಯೇಸುದಾಸರಿಗೆ ಗುರುವಾಯೂರಿನ ಒಳಗೆ ಪ್ರವೇಶ ಸಿಗಲಿಲ್ಲ.

ಮೂರು ಕಾರ್ಡಿನ ತೊಡಕು

ಮತದ ಮಾತು ಬಿಟ್ಟು ಶುದ್ಧ ಸಂಗೀತದ ಕಡೆಗೆ ಬಂದರೆ ನಿಜವಾದ ಘರ್ಷಣೆ ಸಿಗುತ್ತದೆ. ಪಾಶ್ಚಾತ್ಯ ಸ್ತುತಿಗೀತೆಗೂ ಕರ್ನಾಟಕ ರಾಗಕ್ಕೂ ಕಟ್ಟಡವೇ ಬೇರೆ. ಅವುಗಳನ್ನು ಯೋಚಿಸದೆ ಬೆರೆಸಿದರೆ ಎರಡೂ ಕೆಡುತ್ತವೆ.

ಚರ್ಚಿನ ಸ್ತುತಿಗೀತೆ ನಾಲ್ಕು ಸ್ತರಗಳದ್ದು: ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಅದನ್ನು ಮುನ್ನಡೆಸುವುದು ಕಾರ್ಡುಗಳು, ಅಂದರೆ ಒಮ್ಮೆಗೇ ನುಡಿಯುವ ಮೂರು ಸ್ವರಗಳ ಗೊಂಚಲು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮುಖ್ಯ ಕಾರ್ಡುಗಳು ಮೂರು: ಸ-ಗ-ಪ, ಮ-ದ-ಸ, ಪ-ನಿ-ರಿ. ಸ-ಗ-ಪ ಮನೆ. ಮ-ದ-ಸ ಹೊರಗೆ ಕರೆದೊಯ್ಯುತ್ತದೆ. ಪ-ನಿ-ರಿ ಮನೆಗೆ ವಾಪಸು ಎಳೆಯುತ್ತದೆ. ಸಾಲು ಮುಗಿಯಿತೆಂಬ ಭಾವ ಹುಟ್ಟುವುದು ಆ ಎಳೆತದಿಂದ. ಶಂಕರಾಭರಣದ ಸ್ವರಸ್ಥಾನಗಳಲ್ಲಿ ಈ ಮೂರೂ ಸಲೀಸಾಗಿ ಸಿಗುತ್ತವೆ. ದೀಕ್ಷಿತರ ನೊಟ್ಟುಸ್ವರಗಳು ಶಂಕರಾಭರಣದಲ್ಲೇ ಇರುವುದಕ್ಕೆ ಕಾರಣ ಇದು.

ಈಗ ಮೋಹನವನ್ನು ತೆಗೆದುಕೊಳ್ಳಿ: ಸ ರಿ ಗ ಪ ದ. ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಚರ್ಚಿನ ಕೀಬೋರ್ಡ್ ವಾದಕ ಅಭ್ಯಾಸಬಲದಿಂದ ಎರಡನೆಯ ಕಾರ್ಡ್ ಒತ್ತಿದ ಕೂಡಲೇ ಮಧ್ಯಮ ಕೇಳಿಸುತ್ತದೆ, ಮೂರನೆಯದು ಒತ್ತಿದರೆ ನಿಷಾದ. ಹಾಡುವವರು ಮೋಹನದಲ್ಲೇ ಇದ್ದರೂ ಕೇಳುವವರ ಕಿವಿಯಲ್ಲಿ ಮೋಹನ ಉಳಿದಿಲ್ಲ. ವರ್ಜ್ಯ ಸ್ವರ ಹಿನ್ನೆಲೆಯಿಂದ ಒಳನುಗ್ಗಿದೆ. ಮೋಹನದೊಳಗೇ ಸಿಗುವ ಕಾರ್ಡುಗಳು ಎರಡೇ, ಸ-ಗ-ಪ ಮತ್ತು ದ-ಸ-ಗ.

ಮಾಯಾಮಾಳವಗೌಳದಲ್ಲಿ ತೊಡಕು ಬೇರೆ. ಅಲ್ಲಿ ರಿಷಭ ಶುದ್ಧ, ಷಡ್ಜಕ್ಕೆ ತೀರ ಹತ್ತಿರ. ಪ-ನಿ-ರಿ ಕಾರ್ಡಿನಲ್ಲಿ ಪಂಚಮದಿಂದ ರಿಷಭಕ್ಕೆ ಇರಬೇಕಾದ ಅಂತರ ಅರ್ಧ ಸ್ವರದಷ್ಟು ಕುಗ್ಗಿ ಕಾರ್ಡ್ ಒಡೆದಂತೆ ಕೇಳುತ್ತದೆ. ಅದನ್ನು ಸರಿಪಡಿಸಲು ಚತುಶ್ರುತಿ ರಿಷಭ ಹಾಕಿದರೆ ರಾಗ ಹೋಯಿತು, ಹಾಕದಿದ್ದರೆ ಮನೆಗೆ ಮರಳುವ ಭಾವ ಹೋಯಿತು.

ಕಲ್ಯಾಣಿಯಲ್ಲಂತೂ ನೆಲವೇ ಜಾರುತ್ತದೆ. ಅರ್ಧ ಸ್ವರ ಏರಿದ ಪ್ರತಿಮಧ್ಯಮದಿಂದಾಗಿ ಮ-ದ-ಸ ಬಳಕೆಗೆ ಬಾರದು. ಸ-ಗ-ಪದ ಜೊತೆ ಗಟ್ಟಿಯಾಗಿ ನಿಲ್ಲುವವು ರಿ-ಮ-ದ ಮತ್ತು ಪ-ನಿ-ರಿ. ಇವೆರಡನ್ನೂ ಹತ್ತಾರು ಸಲ ನುಡಿಸಿದರೆ ಕಿವಿ ಪಂಚಮವನ್ನೇ ಷಡ್ಜವೆಂದು ಹಿಡಿಯುತ್ತದೆ. ಗ್ರಹಭೇದ ಬಲ್ಲವರಿಗೆ ಇದರ ಕಾರಣ ತಕ್ಷಣ ಹೊಳೆಯುತ್ತದೆ: ಕಲ್ಯಾಣಿಯ ಪಂಚಮವನ್ನು ಷಡ್ಜ ಮಾಡಿದರೆ ಶಂಕರಾಭರಣ. ಹಾಡುಗಾರ ಕಲ್ಯಾಣಿ ಹಾಡುತ್ತಿದ್ದಾನೆ, ಕೀಬೋರ್ಡ್ ಅವನ ಕಾಲಡಿ ಶಂಕರಾಭರಣ ಹಾಸುತ್ತಿದೆ. ಖರಹರಪ್ರಿಯದಲ್ಲಿ ಪ-ನಿ-ರಿಗೆ ಎಳೆತ ಸಾಲದೆಂದು ನಿಷಾದವನ್ನು ಕಾಕಲಿಗೆ ಏರಿಸಿದರೆ ಅದು ಗೌರಿಮನೋಹರಿ ಆಗಿಬಿಡುತ್ತದೆ. ನಟಭೈರವಿಗೆ ಹಾಗೆ ಮಾಡಿದರೆ ಕೀರವಾಣಿ.

ಇದರ ಜೊತೆಗೆ ಶ್ರುತಿಯ ಸಣ್ಣ ವ್ಯತ್ಯಾಸವೂ ಸೇರುತ್ತದೆ. ತಂಬೂರಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಒಂದು ಅರ್ಧ ಸ್ವರಕ್ಕೆ 100 ಸೆಂಟ್ ಎಂಬುದು ಲೆಕ್ಕ. ತಂಬೂರಿ, ಕೀಬೋರ್ಡ್ ಎರಡನ್ನೂ ಒಟ್ಟಿಗೆ ಹಾಕಿದರೆ ಗಾಂಧಾರದ ಮೇಲೆ ನಿಂತಾಗಲೆಲ್ಲ ಒಂದು ಬಗೆಯ ಕಿರಿಕಿರಿ ಕೇಳಿಸುತ್ತದೆ. ಗಮಕದ ಮಾತಂತೂ ಬೇಡ. ತೋಡಿಯ ಗಾಂಧಾರ ಒಂದು ಸ್ಥಾನದಲ್ಲಿ ನಿಲ್ಲುವುದೇ ಇಲ್ಲ, ನಿಂತ ಕಾರ್ಡನ್ನು ಅದರ ಕೆಳಗೆ ಇಡುವುದು ಹೇಗೆ?

ಅನುಭವಿ ಚರ್ಚ್ ಸಂಗೀತಗಾರರು ಇದಕ್ಕೆ ಕಂಡುಕೊಂಡ ದಾರಿಗಳಿವೆ. ಗಾಂಧಾರ ಬಿಟ್ಟು ಸ-ಪ ಮಾತ್ರ ಆಧಾರವಾಗಿ ಹಿಡಿಯುವುದು. ನ್ಯಾಸ ಸ್ವರದಲ್ಲಿ ಸಾಲು ನಿಂತಾಗ ಮಾತ್ರ ಕಾರ್ಡ್ ಮುಟ್ಟುವುದು. ಸಭೆಯೆಲ್ಲ ಸೇರಿ ಹಾಡುವ ಹಾಡಿಗೆ ಮೋಹನ, ಹಂಸಧ್ವನಿ, ಮಧ್ಯಮಾವತಿಯಂಥ ರಾಗಗಳನ್ನು ಆರಿಸಿ ಭಾರೀ ಗಮಕದ ರಾಗಗಳನ್ನು ಒಬ್ಬರೇ ಹಾಡುವ ಹಾಡಿಗೆ ಉಳಿಸುವುದು. ಹರವನ್ನು ಒಂದು ಸ್ಥಾಯಿಯ ಆಸುಪಾಸಿನಲ್ಲಿ ಇಡುವುದು ಕಡ್ಡಾಯ. ಕೃತಿಯ ಅನುಪಲ್ಲವಿ ತಾರ ಗಾಂಧಾರದವರೆಗೆ ಏರಿದರೆ, ಒಂದೇ ಶ್ರುತಿಯಲ್ಲಿ ಹಾಡುವ ಗಂಡಸರು ಹೆಂಗಸರಲ್ಲಿ ಅರ್ಧದಷ್ಟು ಜನ ಬಾಯಿ ಮುಚ್ಚುತ್ತಾರೆ.

ಮಾತಿನ ತೂಕ

ಹಳೆಯ ಕನ್ನಡ ಕ್ರೈಸ್ತ ಗೀತೆಗಳಲ್ಲಿ ಕೆಲವು ಕಿವಿಗೆ ಒರಟಾಗಿ ಕೇಳುವುದಕ್ಕೆ ರಾಗ ಕಾರಣವಲ್ಲ, ಛಂದಸ್ಸು ಕಾರಣ.

ಇಂಗ್ಲಿಷ್ ಸ್ತುತಿಗೀತೆಯ ಅತಿ ಬಳಕೆಯ ಅಳತೆ 8-6-8-6 ಉಚ್ಚಾರಗಳದ್ದು. ಅದು ಸಾಮಾನ್ಯವಾಗಿ ಲಘುವಾದ ಉಚ್ಚಾರದಿಂದ ಶುರುವಾಗಿ ಎರಡನೆಯದರ ಮೇಲೆ ಪೆಟ್ಟು ಬೀಳಿಸುತ್ತದೆ. ನಮ್ಮ ಲೆಕ್ಕದಲ್ಲಿ ಅದು ಅತೀತ ಎಡುಪು, ಅಂದರೆ ತಾಳದ ಪೆಟ್ಟಿಗಿಂತ ಮೊದಲೇ ಹಾಡು ಎತ್ತಿಕೊಳ್ಳುವುದು. ಕನ್ನಡದ ಶಬ್ದಗಳ ಭಾರ ಇರುವುದು ಮೊದಲ ಅಕ್ಷರದಲ್ಲಿ. “ಕರುಣಾನಿಧಿಯೇ” ಎಂಬುದನ್ನು ಆ ಧಾಟಿಗೆ ಕೂರಿಸಿದರೆ “ಕ” ಪೆಟ್ಟಿನ ಹೊರಗೆ ಬಿದ್ದು “ರು” ಪೆಟ್ಟಿನ ಮೇಲೆ ಬಂದು “ಕರೂಣಾ” ಆಗುತ್ತದೆ. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ಉದ್ದ ಸ್ವರಕ್ಕೆ “ಮನ” ಸಿಕ್ಕಿಕೊಂಡರೆ “ಮಾನ”, “ಬಲ” ಸಿಕ್ಕಿಕೊಂಡರೆ “ಬಾಲ”. ಉಚ್ಚಾರಗಳನ್ನು ಎಣಿಸಿ ಮಾತ್ರೆಗಳನ್ನು ಎಣಿಸದೆ ಅನುವಾದಿಸಿದಲ್ಲೆಲ್ಲ ಈ ದೋಷ ನುಸುಳಿದೆ.

ಕಿಟ್ಟೆಲ್ ಷಟ್ಪದಿಯನ್ನು ಹಿಡಿದದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಭಾಮಿನಿ ಷಟ್ಪದಿಯ ಸಣ್ಣ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಲ್ಲಿ ಒಟ್ಟು 14 ಮಾತ್ರೆ. ಮಿಶ್ರಛಾಪುವಿನ ಎರಡು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ಗಮಕಿಯ ಬಾಯಲ್ಲಿ ಕುಮಾರವ್ಯಾಸ ಭಾರತವೂ ಅದೇ ಅಳತೆಯಲ್ಲಿ ಹರಿಯುತ್ತದೆ. ಇನ್ನೊಂದು ಉಪಾಯವೂ ಇದೆ: ಪೆಟ್ಟಿನ ನಂತರ ಅರ್ಧ ಎಣಿಕೆ ಬಿಟ್ಟು ಅನಾಗತದಲ್ಲಿ ಎತ್ತಿಕೊಳ್ಳುವುದು. ಮೊದಲ ಅಕ್ಷರಕ್ಕೆ ತನ್ನದೇ ಜಾಗ ಸಿಗುತ್ತದೆ, ಯಾವ ಹ್ರಸ್ವವನ್ನೂ ಎಳೆಯಬೇಕಾಗಿಲ್ಲ.

ಚರ್ಚಿನ ಒಳಗಿನ ಜಗಳ

ಹೊರಗಿನವರಿಗೆ ಚರ್ಚ್ ಒಂದೇ ದನಿಯದ್ದಾಗಿ ಕಾಣುತ್ತದೆ. ಆದರೆ ದೇಸಿ ಸಂಗೀತದ ಬಗ್ಗೆ ಅತಿ ಹಳೆಯ ವಿರೋಧ ಬಂದದ್ದು ಚರ್ಚಿನಿಂದಲೇ. ಗೋವಾದ ಇನ್‌ಕ್ವಿಸಿಷನ್ 1736ರ ಆಜ್ಞೆಯಲ್ಲಿ ಮತಾಂತರಗೊಂಡ ಕೊಂಕಣಿಗರು ಮದುವೆಗಳಲ್ಲಿ ವೊವಿಯೊ ಎಂಬ ಸಾಂಪ್ರದಾಯಿಕ ಹಾಡುಗಳನ್ನು ಹಾಡುವುದನ್ನೂ ನಿಷೇಧಿಸಿತು. ಅವು ಹಿಂದೂ ಪದ್ಧತಿಯ ಉಳಿಕೆ ಎಂಬುದು ಅದರ ದೂರು. ವೊವಿಯೊ ಸಾಯಲಿಲ್ಲ. ಇಂದಿಗೂ ಮಂಗಳೂರು ಕ್ಯಾಥೊಲಿಕರ ಮನೆಗಳಲ್ಲಿ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ವೊವಿಯೊ ಇದೆ. ಅವರ ಗುಮಟ್ ಎಂಬ ಮಣ್ಣಿನ ವಾದ್ಯವೇ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರಲ್ಲಿ ಗುಮಟೆ ಪಾಂಗ್ ಆಗಿ, ಕುಡುಬಿಯರಲ್ಲಿ ಹೋಳಿಯ ವಾದ್ಯವಾಗಿ ನುಡಿಯುತ್ತದೆ. ವಾದ್ಯ ಒಂದೇ, ಬಾಯಿಗೆ ಬಿಗಿಯುತ್ತಿದ್ದ ಉಡದ ಚರ್ಮವೂ ಒಂದೇ. ವನ್ಯಜೀವಿ ಕಾಯ್ದೆಯ ಕಾರಣ ಈಗ ಆಡಿನ ಚರ್ಮ ಬಂದು ದನಿ ಬದಲಾಗಿದೆ.

ಬಾಗಿಲು ಅಧಿಕೃತವಾಗಿ ತೆರೆದದ್ದು 1963ರ ಡಿಸೆಂಬರ್ 4ರಂದು. ಎರಡನೆಯ ವ್ಯಾಟಿಕನ್ ಸಭೆಯ ಆರಾಧನಾ ಶಾಸನ ಆಯಾ ನಾಡಿನ ಸಂಗೀತ ಪರಂಪರೆಗೆ ಗೌರವದ ಸ್ಥಾನ ಕೊಡಬೇಕೆಂದಿತು. ಬೆಂಗಳೂರಿನಲ್ಲಿ ಅಮಲೋರ್‌ಪವದಾಸ್ ಅವರ ಮುಂದಾಳತ್ವದಲ್ಲಿ ನಡೆದ ಕ್ಯಾಥೊಲಿಕರ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರ ಈ ಕೆಲಸದ ಕೇಂದ್ರಬಿಂದುವಾಯಿತು. 1969ರಲ್ಲಿ ರೋಮ್ ಭಾರತೀಯ ಆರಾಧನೆಗೆ ಹನ್ನೆರಡು ಅಳವಡಿಕೆಗಳನ್ನು ಒಪ್ಪಿತು. ಅಂಜಲಿ, ಆರತಿಗಳು ಅದರಲ್ಲಿ ಸೇರಿವೆ. ಇದನ್ನು ಕೆಲವು ಕ್ಯಾಥೊಲಿಕರೇ ಹಿಂದೂಕರಣ ಎಂದು ವಿರೋಧಿಸಿದರು. ಒಂದೇ ಆರತಿಯನ್ನು ಕೆಲವು ಕ್ರೈಸ್ತರು ಹಿಂದೂಕರಣವೆಂದರು, ಕೆಲವು ಹಿಂದೂಗಳು ಮತಾಂತರದ ವೇಷವೆಂದರು.

ಅತ್ಯಂತ ಗಂಭೀರವಾದ ಟೀಕೆ ಬಂದದ್ದು ದಲಿತ ಕ್ರೈಸ್ತರಿಂದ. ಮದುರೈನ ದೇವತಾಶಾಸ್ತ್ರ ಕಾಲೇಜಿನಲ್ಲಿ ಕಲಿಸಿದ ಥಿಯೊಫಿಲಸ್ ಅಪ್ಪಾವು (1940–2005), ಕರ್ನಾಟಕ ಶೈಲಿಯ ಕೀರ್ತನೆಗಳು ಮೇಲ್ಜಾತಿಯ ಕ್ರೈಸ್ತರ ರುಚಿ, ಹಳ್ಳಿಯ ಸಭೆಗೆ ಅವು ಹಾಡಲೂ ಕಷ್ಟ, ಭಾಷೆಯೂ ದೂರ ಎಂದು ವಾದಿಸಿ ಜನಪದ ಧಾಟಿಯಲ್ಲಿ ಆರಾಧನಾ ಕ್ರಮವನ್ನೇ ರಚಿಸಿದರು. ಚಾವಡಿಯ ಆಚೆ ನಿಲ್ಲಿಸಿದ ಪರೈ ಎಂಬ ದಲಿತರ ಚರ್ಮವಾದ್ಯ ಚರ್ಚಿನೊಳಗೆ ಬಂತು. ಯೇಸು ಕೀರ್ತನೆಯನ್ನು ಬೆಂಬಲಿಸುವವರು ಈ ದನಿಗೂ ಉತ್ತರ ಕೊಡಬೇಕು. ರಾಗಕ್ಕೆ ಮತವಿಲ್ಲ ಎಂದ ಮಾತ್ರಕ್ಕೆ ಅದನ್ನು ಕಲಿಯುವ ಬಾಗಿಲು ಎಲ್ಲರಿಗೂ ತೆರೆದಿತ್ತು ಎಂದಾಗುವುದಿಲ್ಲ.

ಕಾನೂನು ಏನೆನ್ನುತ್ತದೆ

ಇದು ಚಿಕ್ಕ ವಿಷಯ. ಕೃತಿಸ್ವಾಮ್ಯ ಲೇಖಕನ ಮರಣಾನಂತರ 60 ವರ್ಷ. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ, ಹಾಗಾಗಿ ಆ ಕೃತಿಗಳಿಗೆ ಕಾನೂನಿನ ಮಾಲೀಕರಿಲ್ಲ. ಧಾರ್ಮಿಕ ಭಾವನೆ ಕೆರಳಿಸಿದರೆಂಬ ದೂರಿಗೆ ಈಗ ಭಾರತೀಯ ನ್ಯಾಯ ಸಂಹಿತೆಯ 299ನೆಯ ಸೆಕ್ಷನ್ ಇದೆ. ಅದು ಕೇಳುವುದು ಉದ್ದೇಶಪೂರ್ವಕವಾದ ದುರುದ್ದೇಶವನ್ನು. ತನ್ನ ದೇವರನ್ನು ಹೊಗಳಿ ಹಾಡಿದ್ದು ಅದರೊಳಗೆ ಬರುವುದು ಕಷ್ಟ. ಸಹಿ ಅಳಿಸುವ ತಪ್ಪಿಗೆ ಮದ್ದು ಇರುವುದು ವಿದ್ವಾಂಸರ ಖಂಡನೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಅಲ್ಲ.

ಮುಂದೇನಾಗಬಹುದು

ಹೆಸರಾಂತ ಗಾಯಕರಿಗೆ ಇಂಥ ಜಗಳದಿಂದ ಆಗುವ ನಷ್ಟ ಕಡಿಮೆ. ಪೆಟ್ಟು ಬೀಳುವುದು ಕೆಳಗಿನವರಿಗೆ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಮೃದಂಗ ನುಡಿಸಿ ತಿಂಗಳ ಬಾಡಿಗೆ ಹೊಂದಿಸುವ ಪಕ್ಕವಾದ್ಯದವರು ಒಪ್ಪಿಕೊಳ್ಳಲು ಹೆದರುತ್ತಾರೆ. ಒಪ್ಪಿದರೂ ಹೆಸರು, ಚಿತ್ರ ಹಾಕಬೇಡಿ ಎನ್ನುತ್ತಾರೆ. ಸಂಗೀತ ಕಲಿಸುವವರು ಕ್ರೈಸ್ತ ಮಕ್ಕಳನ್ನು ಸೇರಿಸಿಕೊಳ್ಳಲು ಹಿಂಜರಿಯಬಹುದು. ಮನೆಯವರು ಕಳಿಸಲು ಹಿಂಜರಿಯಬಹುದು. ಆಗ ಚರ್ಚಿನ ಸಂಗೀತ ಹೋಗುವುದು ಸುಲಭದ ದಾರಿಗೆ: ಕೀಬೋರ್ಡಿನ ಸಿದ್ಧ ತಾಳ, ಮೂರು ಕಾರ್ಡು. ಒಂದು ತಲೆಮಾರಿನಲ್ಲಿ ರಾಗ ಬಲ್ಲ ಕ್ರೈಸ್ತರೇ ಇಲ್ಲವಾಗುತ್ತಾರೆ. ಆಗ “ನೋಡಿ, ಅವರ ಸಂಗೀತ ಪೂರ್ತಿ ವಿದೇಶಿ” ಎಂಬ ಹೊಸ ದೂರು ಸಿದ್ಧವಾಗಿರುತ್ತದೆ.

ವಿಡಿಯೊ ಬಂದಾಗ ಏನು ನೋಡಬೇಕು

ಮುಂದಿನ ಡಿಸೆಂಬರ್‌ನಲ್ಲಿ ತುಣುಕೊಂದು ಬಂದೇ ಬರುತ್ತದೆ. ಹಂಚುವ ಮೊದಲು ಎರಡು ಸಲ ಕೇಳಿ. ಮೊದಲು ತಾಳ ಹಾಕಿ, ಹಾಡು ಎಲ್ಲಿ ಎತ್ತಿಕೊಳ್ಳುತ್ತದೆ ನೋಡಿ. ಮೂಲ ಕೃತಿ ಯಾವುದೆಂದು ಆರೋಪವಿದೆಯೋ ಅದನ್ನೂ ಅದೇ ತಾಳ ಹಾಕಿ ಕೇಳಿ. ಎಡುಪು ಬೇರೆಯಾಗಿದ್ದರೆ, ಪಲ್ಲವಿಯ ಮೊದಲ ಏರಿಳಿತ ಬೇರೆಯಾಗಿದ್ದರೆ, ಹೋಲಿಕೆ ರಾಗದ್ದು ಮಾತ್ರ. ಅಷ್ಟು ಹೋಲಿಕೆ ಆ ರಾಗದ ಪ್ರತಿಯೊಂದು ಕೃತಿಗೂ ಇರುತ್ತದೆ. ಎಡುಪು, ಸಂಗತಿಗಳು ಎರಡೂ ಒಂದೇ ಆಗಿದ್ದರೆ ವರ್ಣಮೆಟ್ಟು ಎರವಲು ತಂದದ್ದು. ಆಗ ಹಾಡಿದವರು ಅದನ್ನು ಹೇಳಿದ್ದಾರೆಯೇ ನೋಡಿ. ಆಮೇಲೆ ಸಾಹಿತ್ಯ ಬರೆದುಕೊಂಡು ಎರಡನೆಯ ಅಕ್ಷರದ ಪ್ರಾಸವನ್ನು ಮೂಲದ ಪಕ್ಕದಲ್ಲಿಟ್ಟು ಹೋಲಿಸಿ. ಸಾಲಿಗೆ ಸಾಲು ಅದೇ ಪದಗಳಿದ್ದು ದೇವರ ಹೆಸರಿನ ಜಾಗ ಮಾತ್ರ ಬದಲಾಗಿದ್ದರೆ ನೇರ ಚರಣದ ಕೊನೆಯ ಸಾಲಿಗೆ ಹೋಗಿ. ಅಂಕಿತ ಇರಬೇಕಾದದ್ದು ಅಲ್ಲಿ.